ಆಸ್ಪತ್ರೆಯ ಹಳೆ ಬಾಕಿ: ಕಟ್ಟೋದಿಲ್ಲ ಎನ್ನಬಹುದೇ?

ಕ್ಯಾಷ್‌ಲೆಸ್ ಚಿಕಿತ್ಸೆ ಮುಗಿದು ವರ್ಷ ಕಳೆದ ಮೇಲೆ, ‘ವಿಮೆ ಕಂಪನಿ ದುಡ್ಡು ಕೊಟ್ಟಿಲ್ಲ, ನೀವೇ ಕಟ್ಟಿ’ ಎಂದು ಆಸ್ಪತ್ರೆ ಫೋನ್ ಮಾಡಿದರೆ? ಅದೂ ತಪ್ಪು ರೋಗಿಯದಲ್ಲದಿದ್ದರೆ?

ಪರ: ಕಟ್ಟಬೇಕಿಲ್ಲ
(ಕೆ.ಆರ್. ಪುರದ ನಿವೃತ್ತ ಬ್ಯಾಂಕ್ ಉದ್ಯೋಗಿ)

ನಮ್ಮ ಬೀದಿಯವರೊಬ್ಬರಿಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. ಡಿಸ್ಚಾರ್ಜ್ ದಿನ ಗ್ಲೌಸು, ಡಯಟ್ ಚಾರ್ಜು ಅಂತ ವಿಮೆಗೆ ಸೇರದ್ದನ್ನೆಲ್ಲ ಕಟ್ಟಿ, ಗೇಟ್ ಪಾಸ್ ತೋರಿಸಿಯೇ ಹೊರಗೆ ಬಂದರು. ವರ್ಷ ದಾಟಿದ ಮೇಲೆ ಫೋನು: ‘ಸರ್, ನಿಮ್ಮ ಕ್ಲೇಮು ರಿಜೆಕ್ಟ್ ಆಗಿದೆ.’ ಯಾಕೆಂದು ಕೆದಕಿದರೆ, ಡಿಸ್ಚಾರ್ಜ್ ಸಮ್ಮರಿಯಲ್ಲಿ ‘2 ದಿನದಿಂದ ಹೊಟ್ಟೆನೋವು’ ಎಂದಿರಬೇಕಾದಲ್ಲಿ ‘2 ವರ್ಷದಿಂದ’ ಅಂತ ಡ್ಯೂಟಿ ಡಾಕ್ಟರು ಬರೆದಿದ್ದಾರೆ. ಆಪರೇಷನ್ ಹೊತ್ತಿಗೆ ಪಾಲಿಸಿ ಮಾಡಿಸಿ ಒಂದೂವರೆ ವರ್ಷವಾಗಿತ್ತಷ್ಟೆ. ಹಳೆ ಕಾಯಿಲೆ ಮುಚ್ಚಿಟ್ಟಿದ್ದೀರಿ ಎಂದಿತು ಕಂಪನಿ. ಅದು ಕಳಿಸಿದ ಕ್ವೆರಿಗೆ ವಿಮೆಯ ಕಾಗದಪತ್ರ ನೋಡಿಕೊಳ್ಳುವ ಆಸ್ಪತ್ರೆಯ ಟಿಪಿಎ ಡೆಸ್ಕು ಉತ್ತರವನ್ನೇ ಕೊಟ್ಟಿರಲಿಲ್ಲ. ಈ ದುಡ್ಡನ್ನು ಅವರು ಯಾಕೆ ಕಟ್ಟಬೇಕು?

‘ಅಡ್ಮಿಟ್ ಆಗುವಾಗ ಸಹಿ ಹಾಕಿದ್ದೀರಲ್ಲ’ ಅನ್ನುತ್ತಾರೆ. ಹಾಕಿದ್ದೇವೆ. ಆದರೆ ಕ್ಯಾಷ್‌ಲೆಸ್‌ಗೆ ಮುಂಗಡ ಒಪ್ಪಿಗೆ ಕೇಳುವ ಆ ಪ್ರೀ-ಆಥ್ ಫಾರಂ ಅನ್ನು ಪೂರ್ತಿ ಓದಿ. ವಿಮಾ ನಿಯಂತ್ರಣ ಪ್ರಾಧಿಕಾರದ ಮಾದರಿ ಫಾರಂನಲ್ಲಿ ರೋಗಿಯ ಘೋಷಣೆಯ ಜೊತೆಗೆ ಆಸ್ಪತ್ರೆಯದೂ ಒಂದಿದೆ. ಅದನ್ನು ಕಣ್ಣೆತ್ತಿ ನೋಡುವವರೇ ಇಲ್ಲ. ಡಿಸ್ಚಾರ್ಜ್ ಆದ 7 ದಿನದೊಳಗೆ ದಾಖಲೆ ಕಳಿಸುತ್ತೇವೆಂದು ಆಸ್ಪತ್ರೆ ಅಲ್ಲಿ ಒಪ್ಪಿಕೊಂಡಿದೆ. ಫಾರಂಗೂ ಡಿಸ್ಚಾರ್ಜ್ ಸಮ್ಮರಿಗೂ ತಾಳೆಯಾಗದಿದ್ದರೆ ಕಂಪನಿ ಹಣ ಕೊಡಬೇಕಿಲ್ಲ ಎಂಬುದಕ್ಕೂ ಒಪ್ಪಿ ಸೀಲು ಒತ್ತಿದೆ. ರೋಗಿ ಒಪ್ಪಿದ್ದೇನು? ಪಾಲಿಸಿಯ ಷರತ್ತಿನ ಪ್ರಕಾರ ಕಂಪನಿಗೆ ಹೊಣೆಯಿಲ್ಲದ್ದನ್ನು ತಾನು ಕಟ್ಟುತ್ತೇನೆ ಅಂತ. ಡಾಕ್ಟರ ಕೈತಪ್ಪು ಯಾವ ಪಾಲಿಸಿಯ ಷರತ್ತು ಸ್ವಾಮಿ? 2024ರ ಮೇ 29ರ ಪ್ರಾಧಿಕಾರದ ಸುತ್ತೋಲೆಯೂ ಕ್ಲೇಮಿನ ಕಾಗದಪತ್ರಕ್ಕಾಗಿ ರೋಗಿಯನ್ನು ಅಲೆಸಬೇಡಿ, ಆಸ್ಪತ್ರೆಯಿಂದಲೇ ತರಿಸಿಕೊಳ್ಳಿ ಎಂದು ಕಂಪನಿಗಳಿಗೂ ಅವುಗಳ ಪರವಾಗಿ ಕ್ಲೇಮು ನೋಡಿಕೊಳ್ಳುವ ಟಿಪಿಎಗಳಿಗೂ ಹೇಳಿದೆ.

ಸಿಬಿಲ್ ಹಾಳಾಗುತ್ತೆ ಅಂತಲೂ ಹೆದರಿಸುತ್ತಾರೆ. ಬ್ಯಾಂಕಿನಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನು ಹೇಳುತ್ತಿದ್ದೇನೆ: ಆಸ್ಪತ್ರೆ ಸಾಲ ಕೊಡುವ ಸಂಸ್ಥೆಯಲ್ಲ, ಅದರ ಬಿಲ್ಲು ಸಿಬಿಲ್‌ಗೆ ಹೋಗುವುದಿಲ್ಲ. ‘ಸದ್ಯಕ್ಕೆ ಐದು ಸಾವಿರ ಹಾಕಿರಿ’ ಎಂಬ ಮೆತ್ತನೆ ಮಾತಿಗೂ ಬೀಳಬೇಡಿ. ಬಾಕಿ ವಸೂಲಿಯ ದಾವೆಗೆ ಮೂರು ವರ್ಷದ ಗಡುವಿದೆ; ಅದರೊಳಗೆ ಆ ದುಡ್ಡಿನ ಜೊತೆ ‘ಬಾಕಿ ಇದೆ, ಕೊಡುತ್ತೇನೆ’ ಎಂದು ಬರೆದು ಸಹಿ ಮಾಡಿದಿರೋ, ಲೆಕ್ಕ ಹೊಸದಾಗಿ ಶುರು.

ಪಾಪ, ಆಸ್ಪತ್ರೆಗೂ ಖರ್ಚಿದೆ ಎನ್ನುವವರು ಮೊದಲು ಅದರ ಟಿಪಿಎ ಡೆಸ್ಕಿಗೆ ಇನ್ನೊಬ್ಬ ಗುಮಾಸ್ತನನ್ನು ಹಾಕಿಸಲಿ.

ವಿರೋಧ: ಕಟ್ಟಬೇಕು
(ಪೂರ್ವ ಬೆಂಗಳೂರಿನ ಆಸ್ಪತ್ರೆಯೊಂದರ ವಿಮಾ ವಿಭಾಗದ ಮಾಜಿ ಸಿಬ್ಬಂದಿ)

ಮೊದಲನೆಯದಾಗಿ, ಚಿಕಿತ್ಸೆ ನಡೆದಿದೆ. ಔಷಧಿಗೆ, ಅರಿವಳಿಕೆ ಡಾಕ್ಟರಿಗೆ ಆಸ್ಪತ್ರೆ ದುಡ್ಡು ಕೊಟ್ಟಾಗಿದೆ. ಎರಡನೆಯದಾಗಿ, ಸಹಿ ಸಹಿಯೇ. ಮೂರನೆಯದಾಗಿ, ಶಿವಾಜಿನಗರ, ಹಲಸೂರಿನ ಸಣ್ಣ ನರ್ಸಿಂಗ್ ಹೋಮುಗಳಲ್ಲಿ ವಿಮೆ ದುಡ್ಡು ತಡವಾದರೆ ನರ್ಸುಗಳ ಸಂಬಳವೂ ತಡ. ಎಲ್ಲರೂ ಕೈಯೆತ್ತಿದರೆ ಅವು ಕ್ಯಾಷ್‌ಲೆಸ್ಸನ್ನೇ ನಿಲ್ಲಿಸುತ್ತವೆ. ಆಗ ಅಡ್ವಾನ್ಸ್ ಕಟ್ಟದೆ ಒಳಗೆ ಬಿಡುವುದಿಲ್ಲ, ಬೌರಿಂಗ್, ಸಿ.ವಿ. ರಾಮನ್‌ನಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಎಲ್ಲರಿಗೂ ಜಾಗವಿಲ್ಲ.

ಕಾಗದದ ತಪ್ಪನ್ನು ತಿದ್ದಬಹುದು. ಆಪರೇಷನ್ ಮಾಡಿದ ಡಾಕ್ಟರಿಂದ ಲೆಟರ್‌ಹೆಡ್‌ನಲ್ಲಿ ತಿದ್ದುಪಡಿ ಪತ್ರ ಪಡೆದು, ಕೇಸ್ ಶೀಟಿನ ಪ್ರತಿಯೊಂದಿಗೆ ಕಂಪನಿಗೆ ಮತ್ತೆ ಕಳಿಸಿ. ತಿಂಗಳಾದರೂ ಬಗ್ಗದಿದ್ದರೆ ಜೆ.ಪಿ. ನಗರದ ಜೀವನ್ ಸೌಧದಲ್ಲಿ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಶುಲ್ಕವಿಲ್ಲ, ವಕೀಲರು ಬೇಡ, 50 ಲಕ್ಷದವರೆಗಿನ ದೂರು ಕೇಳುತ್ತಾರೆ. ಕಂಪನಿಯ ತಿರಸ್ಕಾರದ ಪತ್ರ ಬಂದ ಒಂದು ವರ್ಷದೊಳಗೆ ಹೋಗಬೇಕು, ಅಷ್ಟೆ. ಮೊದಲು ಬಿಲ್ಲು ಕಟ್ಟಿ, ರಸೀದಿ ಹಿಡಿದು ಕಂಪನಿಯ ಮೇಲೆ ಹೋಗಿ. ಆಸ್ಪತ್ರೆಯ ಜೊತೆ ಜಗಳ ಮಾಡಿಕೊಂಡರೆ ಆ ತಿದ್ದುಪಡಿ ಪತ್ರ ನಿಮಗೆ ಯಾರು ಕೊಡುತ್ತಾರೆ?

ವರ್ಷ ದಾಟಿಸಿ ಫೋನ್ ಮಾಡುವುದು ಸರಿಯಲ್ಲ, ಒಪ್ಪುತ್ತೇನೆ. ಅಷ್ಟು ಹೊತ್ತಿಗೆ ಓಂಬುಡ್ಸ್‌ಮನ್ ಗಡುವೂ ಮುಗಿದಿರಬಹುದು. ಮಾರ್ಚಿನಲ್ಲಿ ಆಡಿಟರು ಬಾಕಿ ಪಟ್ಟಿ ಕೇಳಿದಾಗಲೇ ನಮಗೂ ಹಳೆ ಫೈಲುಗಳ ನೆನಪಾಗುತ್ತಿದ್ದದ್ದು. ಪಟ್ಟಿ ಹಿಡಿದು ಸಾಲಾಗಿ ಫೋನ್ ಮಾಡುತ್ತಿದ್ದೆವು. ಸುಮಾರು ಜನ ಹೆದರಿ ಕಟ್ಟುತ್ತಿದ್ದರು. ‘ಯಾವ ಕ್ವೆರಿಗೆ ಯಾವತ್ತು ಉತ್ತರ ಕೊಟ್ಟಿರಿ, ಬರೆದುಕೊಡಿ’ ಎಂದು ಕೇಳಿದವರ ಹೆಸರಿನ ಮುಂದೆ ‘ರೈಟ್ ಆಫ್’ ಅಂತ ಬರೆದು ಮುಂದಿನ ನಂಬರಿಗೆ ಹೋಗುತ್ತಿದ್ದೆವು.