ಚಾಕೊಲೇಟಿನ ಬಟ್ಟಲು ಯಾರ ಕೈಯದು?

ಫೆಬ್ರವರಿ ತಿಂಗಳ ಎರಡನೆಯ ವಾರ ಬಂತೆಂದರೆ ನಮ್ಮ ಊರುಗಳ ಬೇಕರಿಗಳಿಗೂ ಕಾಫಿ ಅಂಗಡಿಗಳಿಗೂ ಕೆಂಪು ಬಣ್ಣ ಬಂದುಬಿಡುತ್ತದೆ. ಹೃದಯದ ಆಕಾರದ ಡಬ್ಬಿಗಳು, ಕಾಗದದ ಗುಲಾಬಿಗಳು, ಅವುಗಳ ನಡುವೆ ಇಬ್ಬರಿಗೆಂದೇ ಬಿಸಿ ಚಾಕೊಲೇಟು ಸಿಗುತ್ತದೆಂಬ ಫಲಕ. ಫೆಬ್ರವರಿ 14ರ ಈ ಪ್ರೇಮಿಗಳ ದಿನದ ವಿಷಯದಲ್ಲಿ ವಿದ್ಯಾರ್ಥಿ ಸಮುದಾಯದಲ್ಲಿ ಎರಡು ಪಕ್ಷಗಳಿವೆ. ಅದು ಪರದೇಶದ ಅನುಕರಣೆ, ನಮ್ಮ ಸಂಸ್ಕೃತಿಗೆ ಒಗ್ಗದ್ದು ಎನ್ನುವುದು ಒಂದು ಪಕ್ಷ. ಯೌವನದ ಸಹಜ ಸಂತೋಷಕ್ಕೆ ಅಡ್ಡ ಬರುವ ಹಕ್ಕು ಯಾರಿಗೂ ಇಲ್ಲ ಎನ್ನುವುದು ಇನ್ನೊಂದು ಪಕ್ಷ. ಎರಡು ಕಡೆಯ ವಾದಗಳನ್ನೂ ಕೇಳಿದ ಮೇಲೆ ನನಗೆ ತೋರಿದ ಪ್ರಶ್ನೆ ಬೇರೆಯೇ ಆಗಿದೆ. ಆ ಬಿಸಿ ಬಟ್ಟಲನ್ನು ಕಾಯಿಸುವವರು ಯಾರು? ಕುಳಿತು ಕುಡಿಯುವವರು ಯಾರು? ಇದು ಅಡಿಗೆಮನೆಯ ಪ್ರಶ್ನೆಯೆಂದು ವಾಚಕರು ನಗಬಾರದಾಗಿ ಬೇಡಿಕೊಳ್ಳುತ್ತೇನೆ.

ಮೊದಲು ಈ ಪಾನೀಯದ ಪೂರ್ವಚರಿತ್ರೆಯನ್ನು ಸ್ವಲ್ಪ ನೋಡೋಣ. ಚಾಕೊಲೇಟು ಇಂದು ನಾವು ಅಗಿದು ತಿನ್ನುವ ವಸ್ತುವಾಗಿದ್ದರೂ ಅದರ ಆಯುಷ್ಯದ ಬಹುಭಾಗ ಕುಡಿಯುವ ವಸ್ತುವಾಗಿಯೇ ಕಳೆದಿದೆ. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಪ್ರಾಚೀನ ಜನರು ಕೋಕೋ ಬೀಜವನ್ನು ಹುರಿದು, ಅರೆದು, ನೀರಿನಲ್ಲಿ ಕದಡಿ, ಕೆಲವೊಮ್ಮೆ ಮೆಣಸಿನಕಾಯಿಯನ್ನೂ ಬೆರೆಸಿ ಕುಡಿಯುತ್ತಿದ್ದರು. ಸ್ಪೇನಿನವರು ಅಲ್ಲಿಗೆ ಹೋದಾಗ ಆ ಬೀಜಗಳು ಸಂತೆಯಲ್ಲಿ ನಾಣ್ಯದಂತೆ ಚಲಾವಣೆಯಲ್ಲಿದ್ದವು. ಪಾನೀಯದಲ್ಲಿ ಎಲ್ಲಕ್ಕಿಂತ ಶ್ರೇಷ್ಠವಾದುದು ಅದರ ನೊರೆ ಎಂಬ ಭಾವನೆ ಅವರಲ್ಲಿತ್ತು. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಕಲಾಸಂಗ್ರಹಾಲಯದಲ್ಲಿ ಮಾಯಾ ಜನರ ಒಂದು ಮಣ್ಣಿನ ಪಾತ್ರೆಯಿದೆ, ಕ್ರಿ.ಶ. 670ರಿಂದ 750ರ ನಡುವಿನದು. ಅದರ ಮೇಲಿನ ಚಿತ್ರದಲ್ಲಿ ಹೆಂಗಸೊಬ್ಬಳು ನಿಂತುಕೊಂಡು, ಎತ್ತರದಿಂದ ಒಂದು ಪಾತ್ರೆಯ ಪಾನೀಯವನ್ನು ಇನ್ನೊಂದಕ್ಕೆ ಸುರಿಯುತ್ತಿದ್ದಾಳೆ. ನಮ್ಮ ಹೋಟೆಲುಗಳಲ್ಲಿ ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಮೊಳದುದ್ದ ಎಳೆದು ನೊರೆ ಬರಿಸುವುದನ್ನು ಕಂಡವರಿಗೆ ಆ ಚಿತ್ರವನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ.

ಈ ಪಾನೀಯಕ್ಕೂ ಮದುವೆಗೂ ಇರುವ ನಂಟು ಸಹ ಹಳೆಯದೇ. ಮೆಕ್ಸಿಕೊ ದೇಶದ ಮಿಶ್ಟೆಕ್ ಜನರ ಚಿತ್ರಗ್ರಂಥವೊಂದು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದರ ಒಂದು ಪುಟದಲ್ಲಿ ರಾಜನೊಬ್ಬನ ಮದುವೆಯ ಚಿತ್ರವಿದ್ದು, ಮದುಮಗಳು ನೊರೆ ತುಂಬಿದ ಚಾಕೊಲೇಟಿನ ಪಾತ್ರೆಯನ್ನು ಮದುಮಗನಿಗೆ ನೀಡುತ್ತಿದ್ದಾಳೆ. ಮುಂದೆ ಈ ಪಾನೀಯ ಸಮುದ್ರ ದಾಟಿ ಯೂರೋಪಿಗೆ ಹೋಯಿತು. ಮೆಣಸಿನಕಾಯಿಯ ಸ್ಥಾನದಲ್ಲಿ ಸಕ್ಕರೆ ಬಂತು. ಬಹುಕಾಲ ಅದು ಶ್ರೀಮಂತರ ಸೊತ್ತಾಗಿತ್ತು. 1828ರಲ್ಲಿ ಹಾಲೆಂಡಿನ ವಾನ್ ಹೂಟೆನ್ ಕುಟುಂಬದವರು ಬೀಜವನ್ನು ಒತ್ತಿ ಅದರ ಕೊಬ್ಬನ್ನು ಬೇರ್ಪಡಿಸುವ ಯಂತ್ರಕ್ಕೆ ಪೇಟೆಂಟು ಪಡೆದರು. ಉಳಿದ ಹಿಂಡಿಯನ್ನು ಪುಡಿ ಮಾಡಿದರೆ ಅದೇ ಇಂದಿನ ಕೋಕೋ ಪುಡಿ. 1860ರ ದಶಕದಲ್ಲಿ ಇಂಗ್ಲೆಂಡಿನ ರಿಚರ್ಡ್ ಕ್ಯಾಡ್ಬರಿ ಎಂಬಾತ ಚಾಕೊಲೇಟನ್ನು ಹೃದಯದ ಆಕಾರದ ಡಬ್ಬಿಯಲ್ಲಿಟ್ಟು ಮಾರಲು ಆರಂಭಿಸಿದ. ಅಲ್ಲಿಂದ ಮುಂದೆ ಗಂಡು ಕೊಂಡುತಂದು ಕೊಡುವುದೇ ಪ್ರೀತಿಯ ಗುರುತಾಯಿತು.

ಹೀಗೆ ಒಂದು ಕಾಲದ ಚಿತ್ರದಲ್ಲಿ ಹೆಣ್ಣು ಕಾಯಿಸಿ ಕೊಟ್ಟಳು. ಇನ್ನೊಂದು ಕಾಲದಲ್ಲಿ ಗಂಡು ಕಾಸು ಕೊಟ್ಟು ತಂದ. ಗಂಡು ಒಲೆಯ ಮುಂದೆ ನಿಂತು ತಾನೇ ಕಾಯಿಸಿ ಕೊಟ್ಟ ಚಿತ್ರ ಮಾತ್ರ ಎರಡರಲ್ಲಿಯೂ ಇಲ್ಲ. ನನ್ನ ಲೇಖನದ ವಿಷಯ ಇದೇ.

ಈಗ ನಮ್ಮ ಮನೆಗಳ ಕಡೆ ತಿರುಗೋಣ. ಹೆಣ್ಣು ನೋಡುವ ಶಾಸ್ತ್ರವನ್ನು ಬಲ್ಲದವರು ನಮ್ಮಲ್ಲಿ ಯಾರಿದ್ದಾರೆ? ಗಂಡಿನ ಕಡೆಯವರು ಚಾಪೆಯ ಮೇಲೋ ಕುರ್ಚಿಯ ಮೇಲೋ ಕುಳಿತಿರುತ್ತಾರೆ. ಹುಡುಗಿ ತಲೆ ತಗ್ಗಿಸಿ ಕಾಫಿಯ ತಟ್ಟೆ ಹಿಡಿದು ಬರುತ್ತಾಳೆ. ಕಾಫಿಯ ಹದ, ಕೈಯ ನಡುಕ, ನಡಿಗೆಯ ರೀತಿ ಎಲ್ಲಕ್ಕೂ ಅಂಕಗಳಿವೆ. ಅಂದು ಅವಳ ಕೈಗೆ ಬಂದ ತಟ್ಟೆ ಮುಂದೆ ನಲವತ್ತು ವರ್ಷವಾದರೂ ಇಳಿಯುವುದಿಲ್ಲ. ಬಟ್ಟಲು ಸದಾ ಒಂದೇ ದಿಕ್ಕಿನಲ್ಲಿ ಸಾಗುತ್ತದೆ; ಒಳಗಿನಿಂದ ಹೊರಕ್ಕೆ, ಅವಳಿಂದ ಅವನಿಗೆ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿನವಳು. ಪದವಿ ಪರೀಕ್ಷೆಯ ವೇಳಾಪಟ್ಟಿ ಬರುವ ಮೊದಲೇ ನಮ್ಮ ಬಂಧುಗಳು ವಧುಪರೀಕ್ಷೆಯ ದಿನ ಯಾವುದೆಂದು ಕೇಳತೊಡಗಿದ್ದಾರೆ. ನನ್ನ ತಂದೆ ಕಠಿಣ ಮನಸ್ಸಿನವರಲ್ಲ. ಅವ್ವನಿಗೆ ಜ್ವರ ಬಂದರೆ ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ. ಆದರೆ ಆಸ್ಪತ್ರೆಯಿಂದ ಬಂದ ಮೇಲೆ ಇಬ್ಬರಿಗೂ ಕಾಫಿ ಕಾಯಿಸಿ ಕೊಡುವವಳು ನಾನು. ನಾನು ಇಲ್ಲದ ದಿನ ಜ್ವರ ಬಂದ ಅವ್ವನೇ. ಇದರಲ್ಲಿ ಪ್ರೀತಿಯ ಕೊರತೆಯಿಲ್ಲ, ಅಭ್ಯಾಸದ ಕೊರತೆಯಿದೆ. ಗಂಡಸು ಒಲೆ ಮುಟ್ಟಿದರೆ ನೆರೆಯವರು ಏನೆಂದಾರು ಎಂಬ ಅಳುಕೂ ಇದೆ.

ಇಂತಹ ಅಭ್ಯಾಸವನ್ನು ಮುರಿಯಲು ಚಾಕೊಲೇಟೇ ಏಕೆ, ಕಾಫಿಯೇ ಸಾಲದೆ ಎಂದು ಯಾರಾದರೂ ಕೇಳಬಹುದು. ನನ್ನ ಉತ್ತರ ಸರಳವಾಗಿದೆ. ಕಾಫಿಗೂ ಸಾರಿಗೂ ನಮ್ಮ ಮನೆಗಳಲ್ಲಿ ಆಗಲೇ ಒಡತಿಯರಿದ್ದಾರೆ. ಇದು ಅವಳ ಕೈರುಚಿ, ಅದು ಅವಳ ಹದ ಎಂದು ಹೊಗಳುತ್ತ ಹೊಗಳುತ್ತಲೇ ಆ ಕೆಲಸವನ್ನು ಅವಳಿಗೆ ಕಟ್ಟಿಹಾಕಿದ್ದೇವೆ. ಬಿಸಿ ಚಾಕೊಲೇಟು ಹೊಸದು. ನಮ್ಮಲ್ಲಿ ಅದಕ್ಕೆ ಶಾಸ್ತ್ರವಿಲ್ಲ, ಸಂಪ್ರದಾಯವಿಲ್ಲ, ಹೀಗೇ ಇರಬೇಕೆನ್ನುವ ಅತ್ತೆಯೂ ಇಲ್ಲ. ಆದುದರಿಂದ ಗಂಡಸಿನ ಮೊದಲ ಪಾಠಕ್ಕೆ ಅದು ಯೋಗ್ಯವಾದ ಪಾನೀಯ.

ಮಾಡುವ ಕ್ರಮವೂ ಬಿ.ಎ. ಓದಿದವರಿಗೆ ಅಸಾಧ್ಯವಾದುದಲ್ಲ. ಇಬ್ಬರಿಗಾಗುವಷ್ಟು, ಅಂದರೆ ಸುಮಾರು 400 ಮಿಲಿಲೀಟರು ಹಾಲು, 2 ದೊಡ್ಡ ಚಮಚ ಸಿಹಿಯಿಲ್ಲದ ಕೋಕೋ ಪುಡಿ, ಅಷ್ಟೇ ಸಕ್ಕರೆ, ಚಿಟಿಕೆ ಉಪ್ಪು. ಹಬ್ಬದ ಸೊಗಸು ಬೇಕೆಂದರೆ 30 ಗ್ರಾಂನಷ್ಟು ಕಪ್ಪು ಚಾಕೊಲೇಟಿನ ತುರಿ, 2 ಏಲಕ್ಕಿ ಇಲ್ಲವೆ ಬೆರಳುಗುರಿನಷ್ಟು ದಾಲ್ಚಿನ್ನಿ. ಕೋಕೋ ಪುಡಿಯಲ್ಲಿ ಕೊಬ್ಬಿನ ಅಂಶ ಉಳಿದಿರುವುದರಿಂದ ಅದು ಸುಲಭವಾಗಿ ನೆನೆಯುವುದಿಲ್ಲ. ನೇರವಾಗಿ ಹಾಲಿಗೆ ಹಾಕಿದರೆ ಗಂಟುಗಂಟಾಗಿ ತೇಲುತ್ತದೆ. ಆದುದರಿಂದ ಮೊದಲು ಪುಡಿಯನ್ನೂ ಸಕ್ಕರೆಯನ್ನೂ ಒಣದಾಗಿಯೇ ಬೆರೆಸಿ, ನಾಲ್ಕು ಚಮಚ ಬಿಸಿ ಹಾಲು ಹಾಕಿ, ನುಣುಪಾಗುವವರೆಗೂ ಕಲಸಬೇಕು. ಉಳಿದ ಹಾಲನ್ನು ಏಲಕ್ಕಿಯೊಡನೆ ಸಣ್ಣ ಉರಿಯಲ್ಲಿ ಕಾಯಿಸಿ, ಇದನ್ನು ಅದಕ್ಕೆ ಸೇರಿಸಿ, ತಳ ಹಿಡಿಯದಂತೆ ಕೈಯಾಡಿಸುತ್ತಿರಬೇಕು. ಉಕ್ಕುವ ಮೊದಲೇ ಇಳಿಸಿ ಚಾಕೊಲೇಟಿನ ತುರಿಯನ್ನು ಹಾಕಿದರೆ ಆ ಬಿಸಿಗೇ ಅದು ಕರಗುತ್ತದೆ. ಸಕ್ಕರೆಯ ಬದಲು ಬೆಲ್ಲ ಹಾಕುವವರು ಅದನ್ನು ಹಾಲಿನೊಡನೆ ಕುದಿಸದೆ, ಇಳಿಸಿದ ಮೇಲೆ ಬೆರೆಸಬೇಕು. ಇಲ್ಲವಾದರೆ ಹಾಲು ಒಡೆಯುವ ಸಂಭವವುಂಟು. ಕಡೆಗೆ ನೊರೆ. ಮೆಕ್ಸಿಕೊದಲ್ಲಿ ಇದಕ್ಕೆಂದೇ ಮರದ ಕಡೆಗೋಲೊಂದಿದೆ. ಅದನ್ನು ಎರಡು ಅಂಗೈಗಳ ನಡುವೆ ತಿರುಗಿಸುತ್ತಾರೆ. ನಮ್ಮ ಮಜ್ಜಿಗೆಯ ಸಣ್ಣ ಕಡೆಗೋಲೇ ಸಾಕು. ಎಲ್ಲ ಸೇರಿ ಕಾಲು ಗಂಟೆಯ ಕೆಲಸ. ಆ ಕಾಲು ಗಂಟೆ ಒಲೆಯನ್ನು ಬಿಟ್ಟು ಕದಲುವಂತಿಲ್ಲ ಎಂಬುದೇ ಈ ಪಾನೀಯದ ಬೆಲೆ. ಅಂಗಡಿಯಲ್ಲಿ ಕೊಳ್ಳುವವನು ಹಣ ಕೊಡುತ್ತಾನೆ. ಕಾಯಿಸುವವನು ತನ್ನ ಗಮನವನ್ನು ಕೊಡುತ್ತಾನೆ.

ಪರದೇಶದ ಪಾನೀಯವೆಂಬ ಆಕ್ಷೇಪಕ್ಕೂ ಎರಡು ಮಾತು ಹೇಳಬೇಕು. ನಮ್ಮ ಸಾರಿನ ಮೆಣಸಿನಕಾಯಿ ಕೋಕೋ ಕುಡಿದ ಮೆಕ್ಸಿಕೊ ನಾಡಿನ ಕಡೆಯಿಂದಲೇ ಬಂದದ್ದು. ಕಾಫಿ ಬೀಜವನ್ನು ಬಾಬಾ ಬುಡನ್ ಅವರು ಅರಬ್ಬರ ನಾಡಿನಿಂದ ಚಿಕ್ಕಮಗಳೂರಿನ ಬೆಟ್ಟಕ್ಕೆ ತಂದರೆಂದು ಐತಿಹ್ಯ ಹೇಳುತ್ತದೆ. ಇಂದು ಅವೆರಡನ್ನೂ ಪರಕೀಯವೆನ್ನುವ ಧೈರ್ಯ ಯಾರಿಗಿದೆ? ಕೋಕೋ ಸಹ ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಿನಲ್ಲಿ ಅಂತರ ಬೆಳೆಯಾಗಿ ನೆಲೆಸಿದೆ. ಅಲ್ಲಿನವರಿಗೆ ಅದು ಕೊಕ್ಕೊ. ಕಾಂಡಕ್ಕೇ ಅಂಟಿಕೊಂಡು ಬಿಡುವ ಕಾಯನ್ನು ಒಡೆದು, ಬಿಳಿಯ ತಿರುಳು ಮೆತ್ತಿದ ಬೀಜವನ್ನು ಕೆಲವು ದಿನ ಹುದುಗು ಹಾಕಿ, ಬಿಸಿಲಿನಲ್ಲಿ ಒಣಗಿಸಬೇಕು. ಹುದುಗು ಬಾರದ ಬೀಜಕ್ಕೆ ಚಾಕೊಲೇಟಿನ ಸ್ವಾದವೇ ಬರುವುದಿಲ್ಲ. ಕೋಕೋ ಬೆಲೆ ಕುಸಿದು, ಕೊಳ್ಳುವವರು ಹಿಂಜರಿದ ಕಾಲದಲ್ಲಿ ಬೆಳೆಗಾರರ ಕೈಹಿಡಿದದ್ದು 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ಕ್ಯಾಂಪ್ಕೊ ಸಹಕಾರ ಸಂಸ್ಥೆ. ವಾರಣಾಶಿ ಸುಬ್ರಾಯ ಭಟ್ಟರು ಅದರ ಸ್ಥಾಪಕ ಅಧ್ಯಕ್ಷರು. 1986ರಲ್ಲಿ ಆ ಸಂಸ್ಥೆ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನೇ ತೆರೆಯಿತು. ಕನ್ನಡ ನಾಡಿನ ರೈತನ ಬೆವರು ಸೇರಿರುವ ಬಟ್ಟಲನ್ನು ಪರದೇಶದ್ದೆಂದು ದೂರ ತಳ್ಳುವುದು ನ್ಯಾಯವಲ್ಲ.

ಹಾಗೆಂದು ವ್ಯಾಪಾರದ ಕೆಂಪು ಕಾಗದಕ್ಕೆಲ್ಲ ನನ್ನ ಒಪ್ಪಿಗೆಯಿದೆಯೆಂದು ತಿಳಿಯಬಾರದು. ಜಗತ್ತಿನ ಕೋಕೋದಲ್ಲಿ ಅರ್ಧಕ್ಕಿಂತ ಹೆಚ್ಚು ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್ ಮತ್ತು ಘಾನಾ ದೇಶಗಳಿಂದ ಬರುತ್ತದೆ. ಅಲ್ಲಿನ ತೋಟಗಳಲ್ಲಿ ಮಕ್ಕಳ ದುಡಿಮೆಯ ಅತ್ಯಂತ ಕ್ರೂರ ರೂಪಗಳನ್ನು ನಿಲ್ಲಿಸುವುದಾಗಿ ದೊಡ್ಡ ಕಂಪೆನಿಗಳು 2001ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. ಆ ದುಡಿಮೆ ಇನ್ನೂ ಕೊನೆಗೊಂಡಿಲ್ಲ. ಪ್ರೀತಿಯ ಹೆಸರಿನಲ್ಲಿ ಕೊಳ್ಳುವಾಗ ಪುಡಿ ಎಲ್ಲಿಯದೆಂದು ವಿಚಾರಿಸುವುದು ವಿದ್ಯಾವಂತರಿಗೆ ಭೂಷಣ. ಅಂಗಡಿಯ ದುಬಾರಿ ಲೋಟ ಕೊಳ್ಳಲಾಗದ ವಿದ್ಯಾರ್ಥಿ ತನ್ನ ಪ್ರೀತಿ ಅಗ್ಗವೆಂದು ಕುಗ್ಗಬೇಕಾಗಿಯೂ ಇಲ್ಲ.

ಪ್ರೇಮಿಗಳ ದಿನವನ್ನು ಆಚರಿಸಬೇಕೋ ಬೇಡವೋ ಎಂಬುದನ್ನು ಅವರವರಿಗೆ ಬಿಡುತ್ತೇನೆ. ಅದು ಬೇಡವೆನ್ನುವವರಿಗೆ ನಿಶ್ಚಿತಾರ್ಥವಿದೆ, ಮದುವೆಯ ಮೊದಲ ವಾರ್ಷಿಕವಿದೆ, ಅವ್ವ ಅಪ್ಪಂದಿರ ಮದುವೆಯಾದ ದಿನವಿದೆ. ನನ್ನ ಸಹಪಾಠಿ ಮಿತ್ರರಲ್ಲಿ ಅನೇಕರು ಇನ್ನು ಕೆಲವೇ ವರ್ಷಗಳಲ್ಲಿ ಹೆಣ್ಣು ನೋಡಲು ಹೊರಡುವವರು. ಅವರಲ್ಲಿ ಒಂದು ಬಿನ್ನಹವಿದೆ. ಕಾಫಿಯ ತಟ್ಟೆ ಹಿಡಿದು ಬರುವ ಹುಡುಗಿಗೆ ಎದುರಿನ ಕುರ್ಚಿಯಲ್ಲಿ ಕೂರಲು ಹೇಳಿರಿ. ಅವಳೇನು ಓದಿದ್ದಾಳೆ, ಮುಂದೇನು ಮಾಡಬೇಕೆಂದಿದ್ದಾಳೆ ಎಂದು ಕೇಳಿರಿ. ಮದುವೆಯಾದ ಮೇಲೆ ಒಂದು ಸಂಜೆ ಅವಳನ್ನು ಕೂರಿಸಿ ಒಲೆಯ ಬಳಿಗೆ ನೀವು ಹೋಗಿರಿ. ಮೊದಲ ಸಲ ಹಾಲು ಉಕ್ಕಬಹುದು, ಪುಡಿ ಗಂಟಾಗಬಹುದು, ಸಿಹಿ ಹೆಚ್ಚಾಗಬಹುದು. ಆದರೂ ಅವಳು ಅದನ್ನು ಕುಡಿಯುತ್ತಾಳೆ. ಕುಡಿದು ಬಹುಕಾಲ ನೆನಪಿಟ್ಟುಕೊಳ್ಳುತ್ತಾಳೆ.

— ಅಂತಿಮ ಬಿ.ಎ. ವಿದ್ಯಾರ್ಥಿನಿ