ಹೆರಿಗೆ ಕೋಣೆಗೊಂದು ಪರದೆ, ಬೆನ್ನಿಗೊಂದು ಕೈ

ಹಾವೇರಿ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಹಾನಗಲ್ ತಾಲ್ಲೂಕಿನ ಒಬ್ಬ ನಿವೃತ್ತ ಶಿಕ್ಷಕಿ ಬರೆಯುತ್ತಿದ್ದೇನೆ. ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಕನ್ನಡ ಶಾಲೆಯಲ್ಲಿ ಮಗ್ಗಿ, ಕಾಗುಣಿತ ಹೇಳಿಕೊಟ್ಟು ನಿವೃತ್ತಳಾದವಳು. ಆದರೆ ನಮ್ಮ ಆಯಿ ಸೂಲಗಿತ್ತಿ. ಇಬ್ಬರು ಮಕ್ಕಳನ್ನು ಹೆತ್ತಿದ್ದೇನೆ, ಇತ್ತೀಚೆಗೆ ಮಗಳ ಹೆರಿಗೆಯನ್ನು ಕಣ್ಣೆದುರೇ ಕಂಡೆ. ಈ ಪತ್ರ ಬರೆಯಲು ನನಗಿರುವ ಅರ್ಹತೆ ಇಷ್ಟೇ.

ಮಗಳು ಅಳಿಯ ಇರುವುದು ಇಂಗ್ಲೆಂಡಿನ ಲೆಸ್ಟರಿನಲ್ಲಿ. ಎರಡನೇ ಬಾಣಂತನಕ್ಕೆಂದು ಅಂಟಿನುಂಡಿ, ಅಳವಿ, ಒಣಕೊಬ್ಬರಿ ಕಟ್ಟಿಕೊಂಡು ಹೋದೆ. ಹೋದ ಮೇಲೆ ಗೊತ್ತಾಯಿತು, ಇವಳು ದವಾಖಾನೆಗೇ ಹೋಗುವುದಿಲ್ಲವಂತೆ. ಮನೆಯಲ್ಲೇ, ಅದೂ ನೀರಿನಲ್ಲಿ ಕೂತು ಹಡೆಯುತ್ತಾಳಂತೆ. ಎದೆ ಧಸಕ್ಕೆಂದಿತು. ‘ನಮ್ಮ ಆಯಿ ಕಾಲಕ್ಕ ಹೊಳ್ಳಿ ಹೊಂಟೀಯೇನ? ದವಾಖಾನಿ ಇಲ್ಲದ ದೇಶಾನ ಅದು?’ ಅಂದೆ. ಅವಳು ನಕ್ಕಳು.

ಕಂಡದ್ದನ್ನು ಹೇಳುತ್ತೇನೆ. ನಡುಮನೆಯಲ್ಲಿ ಗಾಳಿ ತುಂಬಿದ ಒಂದು ದೊಡ್ಡ ತೊಟ್ಟಿ. ಅಡುಗೆಮನೆಯ ನಲ್ಲಿಯಿಂದ ಪೈಪು ಎಳೆದು ಅಳಿಯ ನೀರು ತುಂಬಿಸಿದ. ನೀರು ಮೈಗಿಂತ ಬಿಸಿಯಾಗಬಾರದೆಂದು, ಅಂದರೆ 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇರಬೇಕೆಂದು, ಥರ್ಮಾಮೀಟರು ತೇಲಿಬಿಟ್ಟಿದ್ದರು. ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಜರಡಿ. ಅದು ಯಾಕೆಂದು ಕೇಳಿದೆ. ಹಡೆಯುವಾಗ ಹೊಟ್ಟೆಯದೂ ಹೊರಬಿದ್ದರೆ ನೀರಿನಿಂದ ಎತ್ತಿ ಚೆಲ್ಲಲು! ಹಡೆಯುವುದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲವೆಂದು ಆ ಜರಡಿ ನೋಡಿದ ಮೇಲೆ ನನಗೂ ಅನ್ನಿಸಿತು.

ಇಬ್ಬರು ಮಿಡ್‌ವೈಫ್‌ಗಳು ಬಂದರು. ಅಲ್ಲಿಯ ಸರ್ಕಾರಿ ಸೇವೆಯವರೇ, ದುಡ್ಡಿಲ್ಲ. ಒಳಗೆ ಬಂದವರೇ ಮಗಳ ಹತ್ತಿರ ಹೋಗಲಿಲ್ಲ. ಮೊದಲು ಊಟದ ಮೇಜಿನ ಮೇಲೆ ಟವೆಲು ಹಾಸಿ, ಕೂಸು ಉಸಿರಾಡದಿದ್ದರೆ ಬೇಕಾಗುವ ಮಾಸ್ಕು, ಗಾಳಿಚೀಲ, ಆಕ್ಸಿಜನ್ ಸಿಲಿಂಡರು, ರಕ್ತಸ್ರಾವ ತಡೆಯುವ ಇಂಜೆಕ್ಷನ್ನು ಎಲ್ಲ ಸಾಲಾಗಿ ಇಟ್ಟರು. ಆಮೇಲೆ ದೀಪ ಸಣ್ಣ ಮಾಡಿ ಮೂಲೆಯಲ್ಲಿ ಕೂತರು. ಹದಿನೈದು ನಿಮಿಷಕ್ಕೊಮ್ಮೆ ನೀರೊಳಗೇ ಒಂದು ಸಣ್ಣ ಯಂತ್ರ ಹಿಡಿದು ಕೂಸಿನ ಎದೆಬಡಿತ ಕೇಳುವುದು, ಬರೆದುಕೊಳ್ಳುವುದು, ಮತ್ತೆ ಸುಮ್ಮನೆ ಕೂರುವುದು. ನಾನೋ, ಕೈ ಕೈ ಹಿಸುಕಿಕೊಳ್ಳುತ್ತ ಏನಾದರೊಂದು ಹೇಳುತ್ತಲೇ ಇದ್ದೆ. ‘ಅವ್ವಾ, ಮಾತಾಡಬ್ಯಾಡ. ಬೆನ್ನಿಗೆ ಕೈ ಇಡು, ಅಷ್ಟ ಸಾಕು’ ಅಂದಳು.

ಬ್ಯಾನಿ ಬಂದಾಗ ಅವಳು ಕಣ್ಣು ಮುಚ್ಚಿ, ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಎಳೆದುಕೊಂಡು, ಎಂಟು ಎಣಿಸುವಷ್ಟು ಹೊತ್ತು ಬಿಡುತ್ತಿದ್ದಳು. ಬಸುರಿದ್ದಾಗ ದಿನಾ ರಾತ್ರಿ ಇದನ್ನೇ ರೂಢಿ ಮಾಡಿದ್ದಳಂತೆ. ಹಿಪ್ನೋಬರ್ತಿಂಗ್ ಅನ್ನುತ್ತಾರೆ. ಜಾತ್ರೆಯ ವೇದಿಕೆಯಲ್ಲಿ ಮಾಡುವ ಸಮ್ಮೋಹನ ಅಲ್ಲ ಇದು. ಮೈ ಸಡಿಲ ಬಿಡುವುದನ್ನು, ಹೆದರಿಕೆ ಕಳೆಯುವುದನ್ನು ಮನಸ್ಸಿಗೆ ಕಲಿಸುವ ಪಾಠ. ಬ್ಯಾನಿ ಅನ್ನದೆ ಅಲೆ ಅನ್ನುವುದನ್ನೂ ಅದರಲ್ಲಿ ಕಲಿಸುತ್ತಾರೆ. ಬೆಳಗಿನ ಜಾವ ಮೊಮ್ಮಗಳು ನೀರಿನಲ್ಲೇ ಹುಟ್ಟಿದಳು. ಮಗಳೇ ಬಗ್ಗಿ ಎತ್ತಿಕೊಂಡಳು. ಮುಖಕ್ಕೆ ಗಾಳಿ ತಾಗುವವರೆಗೂ ಕೂಸು ಹೊಕ್ಕಳುಬಳ್ಳಿಯಿಂದಲೇ ಉಸಿರು ಪಡೆಯುತ್ತದಂತೆ. ಒಂದು ಕ್ಷಣ ಸುಮ್ಮನಿತ್ತು, ಆಮೇಲೆ ಬೆಕ್ಕಿನ ಮರಿ ಸೀನಿದ ಹಾಗೆ ಸೀನಿ ಅತ್ತಿತು. ನನ್ನ ಸೀರೆಯ ಸೆರಗೆಲ್ಲ ನೀರು.

ಇದನ್ನು ಕಂಡು ಬಂದವಳು ನಮ್ಮ ತಾಲ್ಲೂಕಿನಲ್ಲೂ ಮನೆಹೆರಿಗೆ ಮಾಡಿಸಿ ಎನ್ನುತ್ತಾಳೆಂದು ತಾವು ಹೆದರಬೇಡಿ. ಹಾಗೆ ಕೇಳುವಷ್ಟು ಮರೆವು ನನಗಿಲ್ಲ. ವರದಾ ನದಿ ಏರಿ ರಸ್ತೆ ಕಟ್ಟಾದ ಒಂದು ಮಳೆಗಾಲದಲ್ಲಿ ನಮ್ಮ ಚಿಕ್ಕಮ್ಮ ಮನೆಯಲ್ಲೇ ಹಡೆದಳು. ಗಂಡುಕೂಸು ಸುಖವಾಗಿತ್ತು. ಅವಳಿಗೆ ರಕ್ತ ನಿಲ್ಲಲಿಲ್ಲ. ಆಯಿಯ ಕೈಯಲ್ಲಿ ಔಷಧವಿರಲಿಲ್ಲ. ಆಮೇಲೆ ಎಷ್ಟೋ ದಿನ ಆಯಿ ತನ್ನ ಕೈಯನ್ನೇ ನೋಡಿಕೊಳ್ಳುತ್ತ ಕೂತಿರುತ್ತಿದ್ದಳು. 2018ರ ಜುಲೈಯಲ್ಲಿ ತಮಿಳುನಾಡಿನ ತಿರುಪ್ಪೂರಿನಲ್ಲಿ ಯೂಟ್ಯೂಬ್ ನೋಡಿಕೊಂಡು ಮನೆಯಲ್ಲಿ ಹೆರಿಗೆ ಮಾಡಿಸಲು ಹೋಗಿ ಒಬ್ಬ ತರುಣಿ ಹೀಗೆಯೇ ರಕ್ತ ಹೋಗಿ ಸತ್ತಳು. ಅವಳು ಶಾಲಾ ಶಿಕ್ಷಕಿ, ಓದು ಬಲ್ಲವಳು. ಇಂಗ್ಲೆಂಡಿನಲ್ಲೂ, ತೊಂದರೆಯಿಲ್ಲವೆಂದು ಮೊದಲೇ ಪರೀಕ್ಷಿಸಿ ಮನೆಯಲ್ಲೇ ಆಗಲೆಂದು ಬಿಟ್ಟ ಚೊಚ್ಚಲ ಹೆರಿಗೆಗಳಲ್ಲಿ ನೂರಕ್ಕೆ 45ರಷ್ಟನ್ನು ಹೆರಿಗೆಯ ನಡುವೆಯೋ ಆದ ಕೂಡಲೇಯೋ ದವಾಖಾನೆಗೆ ಸಾಗಿಸಬೇಕಾಯಿತೆಂದು 2011ರ ಅಲ್ಲಿಯದೇ ದೊಡ್ಡ ಅಧ್ಯಯನ ಹೇಳಿದೆ. ಅಲ್ಲಿ ಆಂಬುಲೆನ್ಸು ನಿಮಿಷಗಳಲ್ಲಿ ಬರುತ್ತದೆ. ಹಿರೇಕೆರೂರಿನ ಹೊಲದ ದಾರಿಯಿಂದ ಹುಬ್ಬಳ್ಳಿಯ ದೊಡ್ಡಾಸ್ಪತ್ರೆ ಮುಟ್ಟಲು ಎಷ್ಟು ಹೊತ್ತಾಗುತ್ತದೆಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು.

ತಮ್ಮ ಇಲಾಖೆ ಮಾಡಿದ ಕೆಲಸ ಸಣ್ಣದಲ್ಲ. ಈ ಶತಮಾನದ ಮೊದಲ ವರ್ಷಗಳಲ್ಲಿ ರಾಜ್ಯದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ಇನ್ನೂರಕ್ಕೂ ಹೆಚ್ಚು ತಾಯಂದಿರು ಸಾಯುತ್ತಿದ್ದರು. 2018–20ರ ಲೆಕ್ಕದಲ್ಲಿ ಅದು 69. ತಾಯಿ ಕಾರ್ಡು ಹಿಡಿದು ಮನೆಮನೆ ತಿರುಗಿದ ಆಶಾ ಅಕ್ಕಂದಿರು, ರಾತ್ರಿ ಬರುವ 108 ಗಾಡಿ, ಮಡಿಲು ಕಿಟ್ಟು, ಇವೆಲ್ಲ ಸೇರಿ ಹೆಂಗಸರನ್ನು ದವಾಖಾನೆಯ ಬಾಗಿಲಿಗೆ ತಂದವು. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆ ದವಾಖಾನೆಯಲ್ಲೇ. ನನ್ನ ತಕರಾರು ಬಾಗಿಲ ಒಳಗಿನದು.

ನಮ್ಮ ಸಂಬಂಧಿಕರ ಹುಡುಗಿಯೊಬ್ಬಳ ಚೊಚ್ಚಲ ಹೆರಿಗೆ. ಯಾವ ದವಾಖಾನೆ ಎಂದು ಹೇಳುವುದಿಲ್ಲ. ಒಂದನ್ನೇ ಹೆಸರಿಟ್ಟರೆ ಉಳಿದವು ತಪ್ಪಿಸಿಕೊಳ್ಳುತ್ತವೆ. ಒಂದೇ ಕೋಣೆಯಲ್ಲಿ ಮೂರು ಟೇಬಲ್ಲು, ನಡುವೆ ಪರದೆಯಿಲ್ಲ. ಅವಳ ಅವ್ವನನ್ನು ಬಾಗಿಲಲ್ಲೇ ತಡೆದರು. ಎದ್ದು ಓಡಾಡುತ್ತೇನೆಂದರೆ ಬಿಡಲಿಲ್ಲ, ಅಂಗಾತ ಮಲಗಿಸಿದರು. ಚೀರಿದಾಗ ಸಿಸ್ಟರಿನಿಂದ ತೊಡೆಗೆ ಏಟು. ಜೊತೆಗೆ ಒಂದು ಮಾತು. ಆ ಮಾತನ್ನು ಇಲ್ಲಿ ಬರೆಯಲಾರೆ. ಸರ್ಕಾರಿ ದವಾಖಾನೆಯಲ್ಲಿ ಹಡೆದ ಎಷ್ಟೋ ಹೆಂಗಸರಿಗೆ ಅದು ಬಾಯಿಪಾಠ ಇದೆ. ತಾಯಿ, ಮಗು ಇಬ್ಬರೂ ಕ್ಷೇಮವಾಗಿ ಮನೆಗೆ ಬಂದರು. ರಿಜಿಸ್ಟರಿನಲ್ಲಿ ಅದು ಸುಖಪ್ರಸವವೇ. ಎರಡನೇದಕ್ಕೆ ಬಸುರಾದಾಗ ಹುಡುಗಿ ಮೊದಲ ತಿಂಗಳಲ್ಲೇ ಗಂಡನ ಹತ್ತಿರ ಅಂದಳಂತೆ: ‘ಸಾಲ ಆದ್ರೂ ಆಗ್ಲಿ, ಬ್ಯಾನಿ ತಿನ್ನೂದು ಬ್ಯಾಡ, ಕೊಯ್ಸಿಬಿಡ್ರಿ.’ ಖಾಸಗಿ ದವಾಖಾನೆಯಲ್ಲಿ ಸಿಸೇರಿಯನ್ ಆಯಿತು. ಸಾಲವೂ ಆಯಿತು. ರಾಜ್ಯದಲ್ಲಿ ಸಿಸೇರಿಯನ್ 2015–16ರಲ್ಲಿ ನೂರಕ್ಕೆ 23.6 ಇದ್ದದ್ದು 2019–21ಕ್ಕೆ 31.5 ಆಯಿತೆಂದು ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅದಕ್ಕೆ ಕಾರಣ ಹಲವಿರಬಹುದು, ಡಾಕ್ಟರುಗಳ ಅವಸರವೂ ಇರಬಹುದು. ಹೆದರಿಕೆಯ ಪಾಲೆಷ್ಟು ಎಂದು ಯಾರೂ ಎಣಿಸಿದಂತಿಲ್ಲ.

ಆ ಸಿಸ್ಟರನ್ನು ಕೆಟ್ಟವಳೆನ್ನಲು ನನಗೆ ಮನಸ್ಸಿಲ್ಲ. ಆ ರಾತ್ರಿ ಮೂರೂ ಟೇಬಲ್ಲಿಗೆ ಅವಳೊಬ್ಬಳೇ. ಸಂಜೆ ತಂದ ಡಬ್ಬಿ ಬೆಳಿಗ್ಗೆವರೆಗೂ ಬಿಚ್ಚಿರಲಿಲ್ಲವೆಂದು ಹುಡುಗಿಯ ಅವ್ವನೇ ಹೇಳಿದಳು.

ಹೆದರಿಕೆಯ ಮಾತಿಗೆ ಬಂದರೆ, ನಮ್ಮಪ್ಪ ಆಕಳು ಈಯುವ ಹೊತ್ತಿಗೆ ಕಂದೀಲು ಸಣ್ಣ ಮಾಡಿ, ನಮ್ಮನ್ನೆಲ್ಲ ಕೊಟ್ಟಿಗೆಯಿಂದ ಹೊರಗಟ್ಟುತ್ತಿದ್ದ. ಗದ್ದಲಕ್ಕೆ ಆಕಳು ಬೆದರಿದರೆ ಕರು ಹೊರಬರುವುದು ತಡವಾಗುತ್ತದೆ ಅನ್ನುತ್ತಿದ್ದ. ಇಂಗ್ಲೆಂಡಿನ ಡಾಕ್ಟರ್ ಗ್ರ್ಯಾಂಟ್ಲಿ ಡಿಕ್-ರೀಡ್ 1930ರ ದಶಕದಲ್ಲಿ ಬರೆದದ್ದೂ ಬೇರೆಯಲ್ಲ: ಹೆದರಿದರೆ ಮೈ ಬಿಗಿಯುತ್ತದೆ, ಬಿಗಿದರೆ ನೋವು ಹೆಚ್ಚುತ್ತದೆ, ನೋವು ಹೆಚ್ಚಿದರೆ ಮತ್ತೆ ಹೆದರಿಕೆ. ಹಿಪ್ನೋಬರ್ತಿಂಗ್‌ನ ಬೇರು ಅಲ್ಲೇ ಇದೆ. ನೀರಿನ ಕತೆಯೂ ಹಾಗೆಯೇ. ಫ್ರಾನ್ಸಿನ ಪಿತಿವಿಯೆ ಎಂಬ ಸಣ್ಣ ಊರಿನ ಆಸ್ಪತ್ರೆಯಲ್ಲಿ ಡಾಕ್ಟರ್ ಮಿಶೆಲ್ ಓಡಾಂ 1977ರಲ್ಲಿ ಒಂದು ಕೊಳ ಇಟ್ಟದ್ದು ನೋವು ಕಡಿಮೆಯಾಗಲೆಂದು, ಹಡೆಯಲೆಂದಲ್ಲ. ಕೆಲವರು ಅದರಿಂದ ಏಳಲೊಲ್ಲದೆ ಅಲ್ಲೇ ಹಡೆದರು. ಅಂಥ ನೂರು ಹೆರಿಗೆಗಳ ಬಗ್ಗೆ ಅವರು 1983ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಬ್ಯಾನಿಯ ಮೊದಲ ಹಂತದಲ್ಲಿ ಬೆಚ್ಚಗಿನ ನೀರಿನಲ್ಲಿದ್ದವರಿಗೆ ಬೆನ್ನಿಗೆ ಚುಚ್ಚುವ ಅರಿವಳಿಕೆ ಬೇಕಾಗುವುದು ಕಡಿಮೆ ಎಂದು ಆಮೇಲಿನ ಪರಿಶೀಲನೆಗಳು ತೋರಿಸಿವೆ. ನೀರಿನೊಳಗೇ ಹಡೆಯುವ ವಿಷಯದಲ್ಲಿ ಅಮೆರಿಕದ ಪ್ರಸೂತಿ ತಜ್ಞರು ಇನ್ನೂ ಒಪ್ಪಿಲ್ಲ. ಹಿಪ್ನೋಬರ್ತಿಂಗ್ ಕಲಿಸುವವರು ಹೇಳಿಕೊಳ್ಳುವಷ್ಟೆಲ್ಲ ಸಾಬೀತಾಗಿಲ್ಲ ಎನ್ನುವುದನ್ನೂ ಮಗಳಿಗೇ ಹೇಳಿದ್ದೇನೆ. ಅವಳಿಗೆ ಸಿಟ್ಟು ಬಂತು.

ನೀರಿಗಿಂತ, ಎಣಿಕೆಯ ಉಸಿರಿಗಿಂತ ಗಟ್ಟಿಯಾಗಿ ಸಾಬೀತಾಗಿರುವುದು ಒಂದಿದೆ. ಬ್ಯಾನಿ ಶುರುವಾದಾಗಿನಿಂದ ಹಡೆಯುವವರೆಗೆ ಬಿಟ್ಟುಹೋಗದೆ ಜೊತೆಗಿರುವ ಒಬ್ಬರು. ಹದಿನೈದು ಸಾವಿರಕ್ಕೂ ಹೆಚ್ಚು ಹೆಂಗಸರನ್ನೊಳಗೊಂಡ ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದ 2017ರ ಕಾಕ್ರೇನ್ ಪರಿಶೀಲನೆಯಲ್ಲಿ, ಹೀಗೆ ಜೊತೆಯಿದ್ದವರಿಗೆ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ ಆಗಿತ್ತು. ನಮ್ಮ ಆಯಿ ಮಾಡುತ್ತಿದ್ದದ್ದು ಇದನ್ನೇ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಕೊಟ್ಟಾಗ ಹದಿನೈದು ಸಾವಿರ ಹೆರಿಗೆ ಮಾಡಿಸಿದವರೆಂದು ಎಲ್ಲರೂ ಹೊಗಳಿದರು. ಅವರ ಕೈಗುಣದಲ್ಲಿ ಕಲಿಯುವಂಥದ್ದೇನಿತ್ತು ಎಂದು ಹೆರಿಗೆ ಕೋಣೆಗಳಲ್ಲಿ ಯಾರಾದರೂ ಕೇಳಿದರೋ ಕಾಣೆ. ಆಯಿ ಬ್ಯಾನಿ ತಿನ್ನುವವಳ ಸೊಂಟಕ್ಕೆ ಬಿಸಿನೀರು ಸುರಿಯುತ್ತಿದ್ದಳು, ಔಡಲೆಣ್ಣೆ ತಿಕ್ಕುತ್ತಿದ್ದಳು, ಕಂಬ ಹಿಡಿದು ಕೂರಿಸುತ್ತಿದ್ದಳು. ‘ಉಸಿರು ಹಿಡದ್ರ ಕೂಸಿನ ಹಾದಿ ಹಿಡದಂಗ. ಬಿಡವ್ವಾ, ಬಿಡು’ ಅನ್ನುತ್ತಿದ್ದಳು. ಲೆಸ್ಟರಿನ ಆ ನಡುಮನೆಯಲ್ಲಿ ಅದೇ ಮಾತನ್ನು ಇಂಗ್ಲಿಷಿನಲ್ಲಿ ಕೇಳಿದಾಗ ನನಗೆ ಗಂಟಲು ಕಟ್ಟಿತು. ಆಯಿಯ ಹತ್ತಿರ ಇಲ್ಲದಿದ್ದದ್ದು ಊಟದ ಮೇಜಿನ ಮೇಲಿನ ಆ ಸಾಮಾನು ಮಾತ್ರ. ತಮ್ಮ ದವಾಖಾನೆಗಳಲ್ಲಿ ಸಾಮಾನಿದೆ, ಆಯಿ ಇಲ್ಲ.

ಹಾನಗಲ್ಲಿಗೋ ಸವಣೂರಿಗೋ ನೀರಿನ ತೊಟ್ಟಿ ತರಿಸಿ ಎಂದು ಕೇಳುತ್ತಿಲ್ಲ. ಬೇಸಿಗೆಯಲ್ಲಿ ನಮಗೆ ಕುಡಿಯುವ ನೀರಿಗೇ ಸರದಿ. ನಾನು ಕೇಳುವ ಬಹಳಷ್ಟು ಸರ್ಕಾರದ ಕಾಗದದಲ್ಲಿ ಆಗಲೇ ಇದೆ. ಹಡೆದ ಅನುಭವವಿರುವ ಒಬ್ಬ ಹೆಂಗಸು ಹೆರಿಗೆ ಕೋಣೆಯಲ್ಲಿ ಜೊತೆಗಿರಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಹೇಳಿದೆ. ತಮಿಳುನಾಡು ಅದನ್ನು 2004ರಿಂದ ಮಾಡುತ್ತಿದೆ. 2017ರ ‘ಲಕ್ಷ್ಯ’ ಕಾರ್ಯಕ್ರಮದಲ್ಲಿ ಪರದೆ, ಮರ್ಯಾದೆಯ ಮಾತು, ತನಗೆ ಅನುಕೂಲವಾದ ಭಂಗಿಯಲ್ಲಿ ಹಡೆಯುವ ಅವಕಾಶ ಎಲ್ಲವೂ ಇವೆ. ಹಾಗಿದ್ದರೆ ಅವ್ವನನ್ನು ಬಾಗಿಲಲ್ಲಿ ತಡೆಯುವುದು ಯಾವ ಆದೇಶದ ಮೇಲೆ? ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲ್ಲೂಕು ಆಸ್ಪತ್ರೆಗಳಿಗೆ ತಾವು ಮುನ್ಸೂಚನೆಯಿಲ್ಲದೆ ಒಂದು ರಾತ್ರಿ ಹೋಗಿ ನೋಡಬೇಕು. ಹಗಲಲ್ಲಿ ಹೋದರೆ ಪರದೆ ಕಟ್ಟಿರುತ್ತಾರೆ.

ಪರದೆಗೆ ಹೆಚ್ಚು ಖರ್ಚಿಲ್ಲ. ಬಚ್ಚಲಲ್ಲಿ ಬಿಸಿನೀರು, ಒಂದು ಸ್ಟೂಲು, ಒಂದು ತಂಬಿಗೆ ಇದ್ದರೆ ಬ್ಯಾನಿ ಶುರುವಾದವಳು ಕೂತು ಸೊಂಟಕ್ಕೆ ನೀರು ಹಾಕಿಸಿಕೊಳ್ಳಬಹುದು. ಜೊತೆಗೆ ಬಂದ ಅವ್ವನೋ ಅತ್ತೆಯೋ ಹಾಕುತ್ತಾರೆ. ದುಬಾರಿಯಾಗುವುದು ಜನ. ಒಬ್ಬ ಸಿಸ್ಟರಿಗೆ ಮೂರು ಟೇಬಲ್ಲು ಕೊಟ್ಟು ಮೃದುವಾಗಿ ಮಾತಾಡು ಎನ್ನುವುದು ತಮಾಷೆ. ಕೇಂದ್ರದ 2018ರ ಮಾರ್ಗಸೂಚಿಯಂತೆ ಹದಿನೆಂಟು ತಿಂಗಳ ಮಿಡ್‌ವೈಫರಿ ತರಬೇತಿ ಇದೆ. ತೆಲಂಗಾಣ ಅದಕ್ಕೂ ಮೊದಲೇ, 2017ರಲ್ಲಿ, ತನ್ನ ನರ್ಸ್‌ಗಳಿಗೆ ಇಂಥ ತರಬೇತಿ ಶುರುಮಾಡಿತ್ತು. ನಮ್ಮ ನಾಲ್ಕು ತಾಲ್ಲೂಕಿನಿಂದ ನಾಲ್ವರನ್ನು ಕಳಿಸಿ. ಕಲಿತು ಬಂದವರನ್ನು ಇಂಜೆಕ್ಷನ್ ಕೋಣೆಗೆ ಹಾಕದೆ ಹೆರಿಗೆ ಕೋಣೆಯಲ್ಲೇ ಉಳಿಸಿ.

ಇನ್ನೊಂದು, ಇದಕ್ಕೆ ಪೈಸೆಯೂ ಬೇಡ. 2016ರಿಂದ ಪ್ರತಿ ತಿಂಗಳ 9ರಂದು ಬಸುರಿಯರ ತಪಾಸಣೆಯ ದಿನ. ಸೊಸೆಯೊಬ್ಬಳ ಜೊತೆ ಒಮ್ಮೆ ಹೋಗಿ ಕೂತಿದ್ದೆ. ಬೆಳಿಗ್ಗೆ ಹತ್ತಕ್ಕೆ ಬಂದವರಿಗೆ ಒಂದೂವರೆಯಾದರೂ ಪಾಳಿ ಬಂದಿರಲಿಲ್ಲ. ಗೋವಿನಜೋಳದ ಹೊಲ ಬಿಟ್ಟು ಬಂದವರು, ಬಿ.ಟಿ. ಹತ್ತಿಯ ಸೀಡ್ ಪ್ಲಾಟಿನ ಕೂಲಿ ಕಳಕೊಂಡು ಬಂದವರು, ಎಲ್ಲರೂ ಬೆಂಚಿನ ಮೇಲೆ ಕಾಲು ಬಾತುಕೊಂಡು ಕೂತು, ಯಾರ ಹೆರಿಗೆ ಎಷ್ಟು ಕಷ್ಟವಾಯಿತು, ಯಾರಿಗೆ ಎಷ್ಟು ಹೊಲಿಗೆ ಬಿತ್ತು ಎಂದು ಒಬ್ಬರಿಗೊಬ್ಬರು ಹೇಳಿ ಹೆದರಿಸುತ್ತಿದ್ದರು. ಮೂರ್ನಾಲ್ಕು ತಾಸಿನ ಉಚಿತ ತರಗತಿ ಹೀಗೆ ತಿಂಗಳು ತಿಂಗಳು ತಾನಾಗಿಯೇ ನಡೆಯುತ್ತಿದೆ. ಪಾಠ ಮಾತ್ರ ತಪ್ಪು. ಅದರಲ್ಲಿ ಅರ್ಧ ತಾಸು ಉಸಿರು ಬಿಡುವುದನ್ನು, ಸೊಂಟ ಸಡಿಲಿಸುವುದನ್ನು, ಬ್ಯಾನಿ ಬಂದಾಗ ಏನಾಗುತ್ತದೆ, ಯಾವಾಗ ದವಾಖಾನೆಗೆ ಓಡಿ ಬರಬೇಕು ಎನ್ನುವುದನ್ನು ಹೇಳಿಕೊಡಬಹುದು. ಅತ್ತೆಯಂದಿರನ್ನೂ ಕೂರಿಸಬೇಕು. ಬೆನ್ನಿಗೆ ಕೈ ಇಟ್ಟು ಬಾಯಿ ಮುಚ್ಚಿಕೊಂಡಿರುವುದನ್ನು ನಾನೇ ಅರವತ್ತು ದಾಟಿದ ಮೇಲೆ ಕಲಿತೆ.

ಸಿಸ್ಟರುಗಳಿಗೆ ಪುರುಸೊತ್ತಿಲ್ಲವೆಂದಾದರೆ ನಾನು ಬರುತ್ತೇನೆ. ತಮ್ಮ ಡಾಕ್ಟರು ಬರೆದುಕೊಟ್ಟದ್ದಕ್ಕಿಂತ ಒಂದು ಮಾತು ಹೆಚ್ಚು ಹೇಳುವುದಿಲ್ಲ. ನಾಲ್ಕು ಚಾಪೆ ಮನೆಯಲ್ಲೇ ಇವೆ. ಮುಂದಿನ 9ಕ್ಕೆ ಮೊದಲು ಅನುಮತಿಯ ಕಾಗದ ಬಂದರೆ ಸಾಕು.

ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ಹಾನಗಲ್ ತಾಲ್ಲೂಕು