ಮೈಸೂರಿನ ಯೆಜ್ಡಿಗೆ ಪುಣೆಯ ಬುಷ್

ಪುಣೆಗೆ ಬಂದ ಕನ್ನಡಿಗರಲ್ಲಿ ಕೆಲವರು ಮನೆಸಾಮಾನಿನ ಜತೆ ಹಳೇ ಯೆಜ್ಡಿಯನ್ನೂ ತಂದಿದ್ದಾರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಗಾಡಿಗಳು ಇನ್ನೂ ಓಡುತ್ತಿವೆ. ನಾನಾ ಪೇಟೆಯ ಅಂಗಡಿಗಳಲ್ಲಿ ಅಳತೆಗೆ ಸರಿಯಾದ ಭಾಗ ಸಿಗದಿದ್ದಾಗ ಅಂಥವರು ಭೋಸರಿಗೆ, ನಮ್ಮ ಮನೆ ಹಿಂದಿನ ಶೆಡ್ಡಿನಲ್ಲಿರುವ ಪುಟ್ಟ ಲೇತ್ ಹುಡುಕಿಕೊಂಡು ಬರುತ್ತಾರೆ.

ಹೆಚ್ಚಾಗಿ ಕೇಳುವುದು ಕನೆಕ್ಟಿಂಗ್ ರಾಡಿನ ಮೇಲ್ತುದಿಯ ಬುಷ್. "ಇದೇ ಥರ ಇನ್ನೊಂದು ಮಾಡಿಕೊಡಿ ಅಣ್ಣ" ಎಂದು ಹಳೆಯದನ್ನು ಕೈಗಿಡುತ್ತಾರೆ. ಅದನ್ನೇ ಅಳೆದು ಮಾಡಿದರೆ ಅದರ ಸವೆತವೂ ಹೊಸದಕ್ಕೆ ಬರುತ್ತದೆ. ಹಾಗಾಗಿ ನಾನು ಮೈಕ್ರೋಮೀಟರ್ ಹಿಡಿಯುವುದು ರಾಡಿನ ತೂತಿಗೆ, ಹಾಕಲಿರುವ ಪಿಸ್ಟನ್ ಪಿನ್ನಿಗೆ. ಫಾಸ್ಫರ್ ಬ್ರಾಂಜ್ ಬುಷ್‌ನ ಹೊರ ಅಳತೆ ರಾಡಿನ ತೂತಿಗಿಂತ ಕೂದಲೆಳೆಯಷ್ಟು ಹೆಚ್ಚಿರಬೇಕು. ಒತ್ತಿ ಕೂರಿಸಿದಾಗ ಅದರ ಒಳತೂತು ಕಿರಿದಾಗುತ್ತದೆ. ಆದ್ದರಿಂದ ಕೂರಿಸಿದ ಮೇಲೆ ಎಣ್ಣೆಯ ತೂತು ಕೊರೆದು, ಕೊನೆಗೆ ಪಿನ್ನಿನ ಅಳತೆಗೆ ರೀಮರ್ ಹಾಕುತ್ತೇನೆ. ಟು-ಸ್ಟ್ರೋಕ್ ಇಂಜಿನ್ನಿನಲ್ಲಿ ಪೆಟ್ರೋಲಿಗೆ ಬೆರೆಸಿದ ಎಣ್ಣೆಯೇ ಅಲ್ಲಿಗೆ ಆಸರೆ. ಆ ತೂತು ಮುಚ್ಚಿದ್ದರೆ ಪಿನ್ ಹಿಡಿದುಕೊಳ್ಳುತ್ತದೆ.

ಬ್ರೇಕಿನ ಭಾಗ, ಚಕ್ರದ ಆಕ್ಸಲ್ ಕೇಳಿದವರಿಗೆ ಮಾತ್ರ ಇಲ್ಲ ಅನ್ನುತ್ತೇನೆ. ಯಾವ ಉಕ್ಕು, ಎಷ್ಟು ಹದ ಎಂದು ಪರೀಕ್ಷಿಸುವ ಅನುಕೂಲ ಶೆಡ್ಡಿನಲ್ಲಿಲ್ಲ. ಬುಷ್ ಸವೆದರೆ ಇಂಜಿನ್ ಸದ್ದು ಮಾಡಿ ತಿಳಿಸುತ್ತದೆ. ಆಕ್ಸಲ್ ಹೇಳಿ ಮುರಿಯುವುದಿಲ್ಲ. ಬೇಸರಪಟ್ಟುಕೊಂಡು ಹೋದವರೂ ಇದ್ದಾರೆ. ಹೋಗಲಿ, ಕ್ಷೇಮವಾಗಿ ಹೋಗಲಿ.

ನೀವಿರುವ ಊರಲ್ಲೂ ಇಂಥ ಲೇತ್ ಇದ್ದೀತು. ಹೋಗುವಾಗ ಹಳೇ ಬುಷ್ ಒಂದನ್ನೇ ಅಲ್ಲ, ರಾಡನ್ನೂ ಪಿನ್ನನ್ನೂ ಜತೆಗೆ ಒಯ್ಯಿರಿ.